ಲಾಸ್ ಏಂಜಲೀಸಿನ ಗ್ಯಾಂಗು ಪಟ್ಟಿಗಳು: ಒಂದು ಚಾರಿತ್ರಿಕ ವಿವೇಚನೆ

ಅಪರಾಧಿಯನ್ನು ಅವನ ಕೃತ್ಯದಿಂದ ಗುರುತಿಸುವುದು ನ್ಯಾಯದ ಕ್ರಮ. ಮೈಬಣ್ಣ, ಉಡುಪು, ವಾಸದ ಬೀದಿಗಳಿಂದ ಗುರುತಿಸುವುದು ಸಂಶಯದ ಕ್ರಮ. ಮೊದಲನೆಯದರ ಸ್ಥಾನವನ್ನು ಎರಡನೆಯದು ಆಕ್ರಮಿಸಿದ ಬಗೆಯನ್ನು ಅಮೆರಿಕದ ಲಾಸ್ ಏಂಜಲೀಸ್ ನಗರದ ಇತಿಹಾಸದಲ್ಲಿ ಸ್ಪಷ್ಟವಾಗಿ ಕಾಣಬಹುದು.

1980ರ ದಶಕದಲ್ಲಿ ಕ್ರ್ಯಾಕ್ ಕೊಕೇನಿನ ವ್ಯಾಪಾರವು ಬೆಳೆದಂತೆ ಕ್ರಿಪ್ಸ್, ಬ್ಲಡ್ಸ್ ಮುಂತಾದ ಗ್ಯಾಂಗುಗಳ ಕಾದಾಟವು ಉಗ್ರವಾಯಿತು. ಈ ಭೀತಿಯು ಕಲ್ಪಿತವಾದುದಲ್ಲ. ಅದರ ದುಃಖವನ್ನು ಹೆಚ್ಚಾಗಿ ಉಂಡವರು ನಗರದ ದಕ್ಷಿಣ ಭಾಗದ ಬಡವರೇ. ಆದರೆ 1988ರ ಜನವರಿಯಲ್ಲಿ ಸಿರಿವಂತರ ವೆಸ್ಟ್‌ವುಡ್ ಬಡಾವಣೆಯಲ್ಲಿ ತರುಣಿಯೊಬ್ಬಳು ಗ್ಯಾಂಗಿನವರ ಗುಂಡಿಗೆ ಬಲಿಯಾದಾಗ ಆಡಳಿತವು ತೋರಿದ ತ್ವರೆಯು ತಮ್ಮ ಮಕ್ಕಳ ಸಾವಿಗೆ ದೊರೆತಿರಲಿಲ್ಲವೆಂದು ಆ ಬಡವರು ಆಕ್ಷೇಪಿಸಿದರು.

ಪೋಲೀಸು ಮುಖ್ಯಾಧಿಕಾರಿ ಡ್ಯಾರಿಲ್ ಗೇಟ್ಸನ ಕಾಲದಲ್ಲಿ, 1987ರಲ್ಲಿ, 'ಆಪರೇಷನ್ ಹ್ಯಾಮರ್' ಎಂಬ ಕಾರ್ಯಾಚರಣೆಯು ಆರಂಭವಾಯಿತು. 1988ರ ಏಪ್ರಿಲಿನ ಒಂದು ವಾರಾಂತ್ಯದಲ್ಲಿ ಸುಮಾರು 1,000 ಮಂದಿ ಪೋಲೀಸರು 1,453 ಜನರನ್ನು ಬಂಧಿಸಿದರು. ಬಹುಮಂದಿ ದೋಷಾರೋಪಣೆಯಿಲ್ಲದೆ ಬಿಡುಗಡೆ ಹೊಂದಿದರು. ಆದರೆ ಸೆರೆಯಿಂದ ಬಿಡುಗಡೆಯಾದವನಿಗೆ ಕಡತದಿಂದಲೂ ಬಿಡುಗಡೆಯಾಗಬೇಕೆಂಬ ನಿಯಮವಿರಲಿಲ್ಲ.

ಇದರ ಪರಿಣಾಮವು 1992ರಲ್ಲಿ ಬೆಳಕಿಗೆ ಬಂದಿತು. ಜಿಲ್ಲಾ ಅಟಾರ್ನಿಯ ಕಚೇರಿಯು ಪ್ರಕಟಿಸಿದ ವರದಿಯಂತೆ, ಲಾಸ್ ಏಂಜಲೀಸ್ ಕೌಂಟಿಯ 21ರಿಂದ 24 ವಯಸ್ಸಿನ ಕಪ್ಪು ಜನಾಂಗದ ಪುರುಷರಲ್ಲಿ ಶೇಕಡಾ 47ರಷ್ಟು ಮಂದಿಯ ಹೆಸರು ಗ್ಯಾಂಗು ದಾಖಲೆಯಲ್ಲಿತ್ತು. ಒಂದು ಜನಾಂಗದ ತರುಣರಲ್ಲಿ ಅರ್ಧದಷ್ಟು ಮಂದಿ ಪಾತಕಿಗಳೆನ್ನಬೇಕು, ಇಲ್ಲವೆ ಅಳೆಯುವ ಕೋಲೇ ಡೊಂಕೆನ್ನಬೇಕು. ಉಡುಪು, ಹಚ್ಚೆ, ಒಡನಾಟ, ಓಡಾಡುವ ಸ್ಥಳ ಇವೇ ಲಕ್ಷಣಗಳಾದರೆ, ಗ್ಯಾಂಗಿರುವ ಬೀದಿಯಲ್ಲಿ ಹುಟ್ಟಿದ ಸಹಪಾಠಿಯೂ ನೆರೆಯವನೂ ಅವುಗಳಿಂದ ತಪ್ಪಿಸಿಕೊಳ್ಳುವುದೆಂತು?

ಮುಂದೆ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ 'ಕ್ಯಾಲ್‌ಗ್ಯಾಂಗ್' ಎಂಬ ಗಣಕಪಟ್ಟಿಯು ರೂಪುಗೊಂಡಿತು. ಅದರಲ್ಲಿದ್ದವರಲ್ಲಿ ಬಹುಪಾಲು ಲ್ಯಾಟಿನೋ ಹಾಗೂ ಕಪ್ಪು ಜನಾಂಗದವರು. 2016ರಲ್ಲಿ ಸಂಸ್ಥಾನದ ಲೆಕ್ಕಪರಿಶೋಧಕರು ಇದನ್ನು ಪರೀಕ್ಷಿಸಿದಾಗ, ದಾಖಲಾದಾಗ ಒಂದು ವರ್ಷವೂ ತುಂಬಿರದವರೆಂದು ತೋರುವ 42 ಹೆಸರುಗಳು ದೊರೆತವು. ಇವರಲ್ಲಿ 28 ಮಂದಿ ತಾವು ಗ್ಯಾಂಗಿನವರೆಂದು ಸ್ವತಃ ಒಪ್ಪಿಕೊಂಡರೆಂದೂ ಬರೆಯಲಾಗಿತ್ತು! ಕೆಲವು ಅಧಿಕಾರಿಗಳು ಸುಳ್ಳು ವಿವರಗಳನ್ನು ಸೇರಿಸಿದರೆಂಬ ಆರೋಪವು ಹೊರಬಿದ್ದ ಮೇಲೆ, 2020ರಲ್ಲಿ, ಲಾಸ್ ಏಂಜಲೀಸ್ ಪೋಲೀಸರು ಸೇರಿಸಿದ ದಾಖಲೆಗಳ ಬಳಕೆಯನ್ನು ಸಂಸ್ಥಾನದ ಅಟಾರ್ನಿ ಜನರಲ್ ನಿಲ್ಲಿಸಿದರು.

ಗ್ಯಾಂಗುಗಳ ಹಿಂಸೆಯನ್ನು ಅಡಗಿಸುವುದು ರಾಜ್ಯದ ಕರ್ತವ್ಯವೆಂಬುದರಲ್ಲಿ ವಿವಾದವಿಲ್ಲ. ಆದರೆ ಬೀದಿಯ ಕೊಲೆಗೆ ಸಾಕ್ಷಿ ನುಡಿಯಬೇಕಾದವರು ಆ ಬೀದಿಯವರೇ; ಅವರೆಲ್ಲರನ್ನೂ ಶಂಕಿತರನ್ನಾಗಿಸಿದ ಮೇಲೆ ಸಾಕ್ಷಿಗಳು ಉಳಿಯುವರೆ? ಇತಿಹಾಸದ ವಿದ್ಯಾರ್ಥಿಯು ಇಲ್ಲಿ ಇನ್ನೊಂದು ಪಾಠವನ್ನೂ ಗ್ರಹಿಸಬೇಕು. ಪೋಲೀಸು ದಾಖಲೆಯು ಬರೆಯಿಸಿಕೊಂಡವನಿಗೆ ಎಷ್ಟರ ಮಟ್ಟಿಗೆ ಸಾಕ್ಷಿಯೋ, ಬರೆದವನ ದೃಷ್ಟಿಗೂ ಅಷ್ಟೇ ಸಾಕ್ಷಿ.