ಅಗಲಿಕೆಯ ಮಾತುಗಳು: ಕೆಲವು ಇಂಗ್ಲಿಷ್ ಕ್ರಿಯಾಪದಗಳ ಚರಿತ್ರೆ



ಪರೀಕ್ಷೆಯು ಹತ್ತಿರವಾದಾಗ ನಮ್ಮ ವಿದ್ಯಾರ್ಥಿಗಳು ಇಂಗ್ಲಿಷಿನ ಸಮಾನಾರ್ಥಕ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದುಂಟು. ಪಾರ್ಟ್, ಸೆಪರೇಟ್, ಸೆವರ್, ಸಂಡರ್, ಕ್ಲೀವ್, ಟೇರ್, ವಿತ್‌ಡ್ರಾ, ಸಿಸೀಡ್ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿಬಿಡುತ್ತಾರೆ. ಎಲ್ಲಕ್ಕೂ ಅರ್ಥ ಒಂದೇ, ಬೇರೆ ಮಾಡು ಇಲ್ಲವೆ ಬೇರೆಯಾಗು. ಪಾಠ ಹೇಳುವ ನಾವೂ ಅನೇಕ ವೇಳೆ ಅಷ್ಟಕ್ಕೇ ತೃಪ್ತರಾಗುತ್ತೇವೆ. ಇಂಥ ಪಟ್ಟಿಗಳ ಪೈಕಿ ಅತ್ಯಂತ ಪ್ರಸಿದ್ಧವಾದುದನ್ನು 1852ರಲ್ಲಿ ಪ್ರಕಟಿಸಿದ ವೈದ್ಯ ಪೀಟರ್ ಮಾರ್ಕ್ ರೋಜೆಯಾದರೋ, ಪದಗಳ ಅರ್ಥಭೇದವನ್ನು ವಿವರಿಸುವುದು ತನ್ನ ಉದ್ದೇಶವಲ್ಲವೆಂದು ಮೊದಲೇ ತಿಳಿಸಿದ್ದನು. ಆ ಭೇದವನ್ನು ಅರಿಯಬೇಕಾದರೆ ನಾವು ನಿಘಂಟನ್ನು ಮುಚ್ಚಿಟ್ಟು ಚರಿತ್ರೆಯನ್ನು ತೆರೆಯಬೇಕು.

ಐದನೆಯ ಶತಮಾನದಿಂದ ಬ್ರಿಟನ್ನಿನಲ್ಲಿ ನೆಲೆಸಿದ ಆಂಗ್ಲರೂ ಸ್ಯಾಕ್ಸನರೂ ಬೇಸಾಯಗಾರರು, ಮರ ಕಡಿಯುವವರು. ಸಂಡರ್, ಕ್ಲೀವ್, ಟೇರ್ ಎಂಬಿವು ಅವರ ಮಾತುಗಳು. ಇವುಗಳಲ್ಲಿ ಕೊಡಲಿಯ ಪೆಟ್ಟೂ ಕೈಯ ಸೆಳೆತವೂ ಇಂದಿಗೂ ಕೇಳಿಬರುತ್ತವೆ. 793ರಲ್ಲಿ ಲಿಂಡಿಸ್‌ಫಾರ್ನ್ ಮಠವನ್ನು ಕೊಳ್ಳೆಹೊಡೆದ ಉತ್ತರದ ಕಡಲಿಗರ ಬಳಗದವರು ಮುಂದೆ ಅಲ್ಲಿಯೇ ಒಕ್ಕಲಾಗಿ ನಿಂತರು. ಸೀಳು ಎಂಬರ್ಥದ ರೈವ್ ಎಂಬ ಪದವು ಅವರ ಕೊಡುಗೆ. ಕ್ಲೀವ್ ಎಂಬುದರ ಕಥೆ ಇನ್ನೂ ವಿಚಿತ್ರವಾದುದು. ಹಳೆಯ ಇಂಗ್ಲಿಷಿನಲ್ಲಿ ಸೀಳು ಎಂಬುದಕ್ಕೊಂದು, ಅಂಟಿಕೊಳ್ಳು ಎಂಬುದಕ್ಕೊಂದು, ಹೀಗೆ ಎರಡು ಬೇರೆ ಬೇರೆ ಧಾತುಗಳಿದ್ದವು. ಉಚ್ಚಾರಣೆಯು ಸವೆದು ಎರಡೂ ಒಂದೇ ರೂಪವನ್ನು ತಾಳಿದವು. ಆದುದರಿಂದಲೇ ಒಂದೇ ಮಾತು ಬೇರ್ಪಡಿಸುವುದನ್ನೂ ಬಿಡದೆ ಹಿಡಿದುಕೊಳ್ಳುವುದನ್ನೂ ಹೇಳುವಂತಾಯಿತು.

1066ರಲ್ಲಿ ನಾರ್ಮನರು ಗೆದ್ದ ಮೇಲೆ ಆಸ್ಥಾನದಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಫ್ರೆಂಚ್ ಭಾಷೆಯು ನಡೆಯಿತು. ಪಾರ್ಟ್ ಮತ್ತು ಸೆವರ್ ಎಂಬುವು ಆ ದಾರಿಯಿಂದ ಬಂದವು. ಅನಂತರ ವಿದ್ವಾಂಸರು ಲ್ಯಾಟಿನ್ ಗ್ರಂಥಗಳಿಂದ ಸೆಪರೇಟ್ ಎಂಬ ಪದವನ್ನು ನೇರವಾಗಿ ಎತ್ತಿಕೊಂಡರು. ಸೆವರ್, ಸೆಪರೇಟ್ ಎರಡಕ್ಕೂ ಮೂಲವು ಒಂದೇ ಲ್ಯಾಟಿನ್ ಧಾತು. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಕಾರ್ಯ ಮತ್ತು ಕಜ್ಜಗಳಂತೆ, ಸೆಪರೇಟ್ ಎಂಬುದು ತತ್ಸಮ, ಸೆವರ್ ಎಂಬುದು ತದ್ಭವ. ಜನರ ಬಾಯಲ್ಲಿ ಸವೆದು ಬಂದುದಕ್ಕೆ ಕತ್ತಿಯ ಹರಿತವು ಉಳಿಯಿತು. ಪುಸ್ತಕದಿಂದ ಬಂದುದು ಶಾಂತವಾಗಿಯೂ ನಿರ್ಲಿಪ್ತವಾಗಿಯೂ ಇದೆ.

ದೇಶ್ಯಪದಗಳಲ್ಲಿಯೂ ಹಳೆಯ ಅರ್ಥಗಳು ಅಡಗಿ ಕುಳಿತಿರುತ್ತವೆ. ವಿತ್‌ಡ್ರಾ ಎಂಬಲ್ಲಿನ ವಿತ್ ಎಂಬುದಕ್ಕೆ ಜೊತೆ ಎಂಬ ಅರ್ಥವಿಲ್ಲ. ವಿರುದ್ಧ, ಹಿಂದಕ್ಕೆ ಎಂಬುದು ಅದರ ಪೂರ್ವಾರ್ಥ. ಮಗುವಿಗೆ ಮೊಲೆ ಬಿಡಿಸುವುದನ್ನು ಹೇಳುವ ವೀನ್ ಎಂಬ ಪದಕ್ಕೆ ಮೊದಲಿದ್ದ ಅರ್ಥವು ರೂಢಿಮಾಡಿಸು ಎಂದು. ಕಿತ್ತುಕೊಳ್ಳುವುದರಿಂದಲ್ಲ, ಬೇರೊಂದನ್ನು ಮೆಲ್ಲನೆ ರೂಢಿಮಾಡಿಸುವುದರಿಂದ ಮಗುವು ಹಾಲನ್ನು ಬಿಡುತ್ತದೆಂಬ ಗೃಹಿಣಿಯ ವಿವೇಕವು ಆ ಒಂದು ಪದದಲ್ಲಿ ಉಳಿದುಬಂದಿದೆ.

ಅರ್ಥವು ಜಾರಿದರೆ ಪ್ರತಿಜ್ಞೆಯನ್ನೇ ತಿದ್ದಬೇಕಾಗುತ್ತದೆ. 1549ರ ಇಂಗ್ಲಿಷ್ ಪ್ರಾರ್ಥನಾ ಗ್ರಂಥದಲ್ಲಿ, ಸಾವು ತಮ್ಮನ್ನು ಅಗಲಿಸುವ ತನಕ ಕೂಡಿರುವೆವೆಂದು ವಧೂವರರು ನುಡಿಯುವಲ್ಲಿ ಡಿಪಾರ್ಟ್ ಎಂಬ ಪದವಿದ್ದಿತು. ಆಗ ಅದಕ್ಕೆ ಬೇರ್ಪಡಿಸು ಎಂಬ ಅರ್ಥವೂ ಇದ್ದಿತು. ಕಾಲಕ್ರಮದಲ್ಲಿ ಅದು ಹೊರಟುಹೋಗು ಎಂಬರ್ಥಕ್ಕೆ ಕುಗ್ಗಿತು. 1662ರ ಪರಿಷ್ಕರಣದಲ್ಲಿ ಆ ಪದವನ್ನು ಬಿಟ್ಟು ಪಾರ್ಟ್ ಎಂಬುದನ್ನು ಇಟ್ಟರು.

ಮನೆಯ ಅಗಲಿಕೆಯ ಮಾತು ಹೀಗಿರಲು, ರಾಜ್ಯಗಳ ಅಗಲಿಕೆಯಲ್ಲಿ ಪದದ ಭಾರವು ಇನ್ನೂ ಹೆಚ್ಚು. 1776ರಲ್ಲಿ ಅಮೆರಿಕದ ವಸಾಹತುಗಳವರು ಬ್ರಿಟನ್ನಿನ ಸಂಬಂಧವನ್ನು ಬಿಟ್ಟಾಗ ತಮ್ಮ ಘೋಷಣೆಯಲ್ಲಿ ಸೆಪರೇಷನ್ ಎಂದು ಬರೆದರು. ದೊರೆಯ ಕಡೆಯವರು ಅದನ್ನೇ ದಂಗೆಯೆಂದರು. 1860ರ ಡಿಸೆಂಬರ್ 20ರಂದು ಸೌತ್ ಕ್ಯಾರೊಲೈನಾ ಸಂಸ್ಥಾನವು ಒಕ್ಕೂಟದಿಂದ ಹೊರಬಿದ್ದಿತು; ಅದರ ಹಿಂದೆ ಇನ್ನೂ ಹತ್ತು ಸಂಸ್ಥಾನಗಳು ಹೋದವು. ಅವರು ಮೆಚ್ಚಿದ ಪದ ಸಿಸೀಡ್. ಲ್ಯಾಟಿನ್ನಿನಲ್ಲಿ ಅದಕ್ಕೆ ಪಕ್ಕಕ್ಕೆ ಸರಿದುಹೋಗು ಎಂದಷ್ಟೇ ಅರ್ಥ. ಸಭೆಯಿಂದ ಸಭ್ಯನೊಬ್ಬನು ಎದ್ದುಹೋದಂತೆ ತೋರುವ ಈ ಮಾತಿನಲ್ಲಿ ದ್ರೋಹದ ನೆರಳೂ ಇಲ್ಲ, ಹೋಗುವುದಕ್ಕೆ ಕಾರಣವೂ ಇಲ್ಲ. ಆ ಕಾರಣವಾದರೋ ಗುಲಾಮಗಿರಿ. ಆಗ ಆ ದೇಶದಲ್ಲಿ ಸುಮಾರು 40 ಲಕ್ಷ ಜನ ಗುಲಾಮರಿದ್ದರು. ಹರಾಜುಕಟ್ಟೆಯ ಮೇಲೆ ತಾಯಿಯನ್ನೊಬ್ಬನು, ಮಗುವನ್ನೊಬ್ಬನು ಕೊಂಡೊಯ್ಯುತ್ತಿದ್ದ ಕಾಲವದು. ಮಾರುವವನ ಲೆಕ್ಕದ ಪುಸ್ತಕಕ್ಕೆ ಸೆಪರೇಟ್ ಎಂಬ ಮಾತು ಸಾಕಾದೀತು. ಆ ತಾಯಿಗೆ ಟೇರ್ ಎಂಬುದಲ್ಲದೆ ಬೇರೆ ಮಾತುಂಟೆ?

ಅಬ್ರಹಾಂ ಲಿಂಕನ್ನನಿಗೆ ಈ ಸೂಕ್ಷ್ಮವು ತಿಳಿದಿದ್ದಿತು. 1861ರ ಜುಲೈ 4ರಂದು ಕಾಂಗ್ರೆಸ್ಸಿಗೆ ಕಳುಹಿಸಿದ ಸಂದೇಶದಲ್ಲಿ, ದಂಗೆಗೆ ಸಕ್ಕರೆಯ ಲೇಪ ಕೊಟ್ಟು ಜನರಿಗೆ ನುಂಗಿಸಲಾಗಿದೆಯೆಂದು ಆತನು ಆಕ್ಷೇಪಿಸಿದನು. ನಾಲ್ಕು ವರ್ಷಗಳ ಯುದ್ಧದಲ್ಲಿ ಆರು ಲಕ್ಷಕ್ಕೂ ಮೇಲ್ಪಟ್ಟು ಜನ ಸತ್ತರು. ಒಂದು ಸಂಸ್ಥಾನವು ತಾನಾಗಿ ಹೀಗೆ ಹೊರಬೀಳುವುದು ನ್ಯಾಯಶಾಸ್ತ್ರದ ಪ್ರಕಾರ ಅಸಿಂಧುವೆಂದು ಅಲ್ಲಿನ ಪರಮೋಚ್ಚ ನ್ಯಾಯಾಲಯವು 1869ರಲ್ಲಿ ತೀರ್ಪು ಕೊಟ್ಟಿತು.

ನಮ್ಮ ಕನ್ನಡದಲ್ಲಿಯೂ ಅಗಲು, ಸೀಳು, ಕೀಳು, ಬಿಡಿಸು, ವಿಂಗಡಿಸು ಎಂಬಿವು ಒಂದರ ಸ್ಥಾನದಲ್ಲಿ ಮತ್ತೊಂದು ನಿಲ್ಲಲಾರವು. ಗೆಳೆಯರು ಅಗಲುತ್ತಾರೆ, ಕಳೆಯನ್ನು ಕೀಳುತ್ತೇವೆ, ಕಾಳನ್ನು ವಿಂಗಡಿಸುತ್ತೇವೆ. ಇಂಗ್ಲಿಷಿನಲ್ಲಿ ಮಾತ್ರ ಈ ವಿವೇಕವನ್ನು ನಾವು ಮರೆಯುವುದೇಕೆ? ಬೇರೆಯಾಗುವ ಮಾತೊಂದು ಓದಿನಲ್ಲಿ ಎದುರಾದಾಗ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳೋಣ: ಎಳೆದವರು ಯಾರು? ನೊಂದವರು ಯಾರು? ಇದಕ್ಕೆ ಉತ್ತರ ಹೇಳಬಲ್ಲ ವಿದ್ಯಾರ್ಥಿಯು ಪಟ್ಟಿಯಲ್ಲಿ ಎರಡು ಪದಗಳನ್ನು ಮರೆತರೂ ಚಿಂತೆಯಿಲ್ಲ. ಅವನಿಗೆ ಭಾಷೆಯೂ ತಿಳಿದಿದೆ, ಚರಿತ್ರೆಯೂ ತಿಳಿದಿದೆ.