ಗೊರಸಿನ ಸೋಂಕಿಗೆ ಶಸ್ತ್ರಚಿಕಿತ್ಸೆಯಾದ ಕುದುರೆಯ ಮನೆ ಆರೈಕೆ: ಮಾಲೀಕರಿಗೆ ಮಾಹಿತಿ

ಪೀಠಿಕೆ

ಮೈಸೂರಿನ ಟಾಂಗಾ ಮತ್ತು ಸಾರೋಟು, ವಿಜಯಪುರದ ಟಾಂಗಾ, ಮದುವೆ ಹಾಗೂ ಜಾತ್ರೆಗಳ ಮೆರವಣಿಗೆ ಇವುಗಳನ್ನು ನೆಚ್ಚಿ ಕುದುರೆ ಸಾಕುತ್ತಿರುವ ಕುಟುಂಬಗಳು ರಾಜ್ಯದಲ್ಲಿ ಇಂದಿಗೂ ಇರುತ್ತವೆ. ಇಂತಹ ಕುದುರೆಗಳ ಗೊರಸಿನ ತಳಕ್ಕೆ ಮೊಳೆ, ತಂತಿ ಅಥವಾ ಗಾಜು ಚುಚ್ಚಿ ಕೀವಾಗುವುದು ಸಾಮಾನ್ಯ. ಹೆಚ್ಚಿನವು ತಳವನ್ನು ಕೆತ್ತಿ ಕೀವು ಹೊರಬಿಟ್ಟಲ್ಲಿ ವಾಸಿಯಾಗುತ್ತವೆ. ಕೆಲವು ಮಾತ್ರ ವಾಸಿಯಾದಂತೆ ಕಂಡು ಮತ್ತೆ ಮತ್ತೆ ಒಡೆಯುತ್ತವೆ. ಅಂತಹ ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಕುದುರೆಯನ್ನು ಮನೆಗೆ ಕರೆತಂದ ಮಾಲೀಕರ ಮಾಹಿತಿಗಾಗಿ ಈ ಪುಟವನ್ನು ಪ್ರಕಟಿಸಲಾಗಿದೆ. ಶಸ್ತ್ರಚಿಕಿತ್ಸೆಯು ಒಂದೆರಡು ಗಂಟೆಗಳ ಕಾರ್ಯವಾಗಿದ್ದು, ತದನಂತರದ ಹಲವು ವಾರಗಳ ಕಾರ್ಯವು ಮಾಲೀಕರ ಲಾಯದಲ್ಲಿಯೇ ನಡೆಯತಕ್ಕದ್ದಾಗಿರುತ್ತದೆ.

ಸೋಂಕು ಏಕೆ ಹಠಮಾರಿಯಾಗುತ್ತದೆ?

ಗೊರಸು ಒಂದು ಗಟ್ಟಿ ಪೆಟ್ಟಿಗೆಯಂತೆ. ಚುಚ್ಚಿದ ರಂಧ್ರವು ಬೇಗನೆ ಮುಚ್ಚಿಕೊಳ್ಳುವುದರಿಂದ ರೋಗಾಣುಗಳು ಗಾಳಿಯಿಲ್ಲದ ಜಾಗದಲ್ಲಿ ಉಳಿದು ಬೆಳೆಯುತ್ತವೆ. ಸೋಂಕು ಗೊರಸಿನೊಳಗಿನ ಮೂಳೆಗೆ ತಗುಲಿದಲ್ಲಿ ಮೂಳೆಯ ಒಂದು ಚೂರು ಸತ್ತು ಬೇರ್ಪಡುತ್ತದೆ. ಸತ್ತ ಚೂರಿಗೆ ರಕ್ತ ಸಂಚಾರವಿರುವುದಿಲ್ಲವಾದ್ದರಿಂದ ಚುಚ್ಚುಮದ್ದಿನ ಔಷಧವೂ ಅಲ್ಲಿಗೆ ತಲುಪುವುದಿಲ್ಲ. ಔಷಧ ನೀಡಿದಾಗ ಕುಂಟು ಕಡಿಮೆಯಾಗಿ, ನಿಲ್ಲಿಸಿದಾಗ ಮರುಕಳಿಸಲು ಇದೇ ಕಾರಣ. ಶಸ್ತ್ರಚಿಕಿತ್ಸೆಯಲ್ಲಿ ತಳದ ಕೊಂಬಿನ ಪದರವನ್ನು ಕತ್ತರಿಸಿ, ಸತ್ತ ಮೂಳೆ ಮತ್ತು ಕೊಳೆತ ಅಂಗಾಂಶವನ್ನು ಕೆರೆದು ತೆಗೆಯಲಾಗುತ್ತದೆ. ಹೀಗೆ ಉಳಿದ ಗುಳಿಯನ್ನು ಹೊಲಿಯಲಾಗುವುದಿಲ್ಲ. ಅದು ಒಳಗಿನಿಂದ ಮಾಂಸ ತುಂಬಿ, ಅದರ ಮೇಲೆ ಹೊಸ ಕೊಂಬಿನ ಪದರ ಬೆಳೆದು ಮುಚ್ಚಬೇಕು. ಅಲ್ಲಿಯವರೆಗೆ ಗುಳಿಯನ್ನು ಶುಚಿಯಾಗಿ ಹಾಗೂ ಒಣದಾಗಿ ಇಡುವುದೇ ಮನೆ ಆರೈಕೆಯ ಮುಖ್ಯ ಉದ್ದೇಶ.

ಗೊರಸಿನ ತಳದ ನಡುವೆ ಇರುವ ತ್ರಿಕೋನಾಕಾರದ ಮೆತ್ತನೆಯ ಭಾಗದಲ್ಲಿ ಮೊಳೆ ಆಳವಾಗಿ ಹೊಕ್ಕಿದ್ದಲ್ಲಿ ಕೀಲಿಗೇ ಸೋಂಕು ತಗುಲುವ ಅಪಾಯವಿದ್ದು, ಅಂತಹ ಕುದುರೆಗಳ ಚೇತರಿಕೆ ನಿಧಾನವಾಗಿರುತ್ತದೆ. ಮುಂದೆ ಎಂದಾದರೂ ಮೊಳೆ ಚುಚ್ಚಿದಲ್ಲಿ, ಅದು ಇನ್ನೂ ಆಳಕ್ಕೆ ಹೋಗುವ ಸಂಭವವಿಲ್ಲದಿದ್ದರೆ, ಕೀಳದೆ ಪಶುವೈದ್ಯರನ್ನು ಕರೆಸುವುದು ಒಳ್ಳೆಯದು. ಮೊಳೆ ಸ್ಥಳದಲ್ಲಿಯೇ ಇರುವಾಗ ಎಕ್ಸ್‌ರೇ ತೆಗೆದರೆ ಅದು ಎಲ್ಲಿಗೆ ತಲುಪಿದೆ ಎಂಬುದು ಸ್ಪಷ್ಟವಾಗುತ್ತದೆ. ಕೀಳಲೇಬೇಕಾದಲ್ಲಿ ಚುಚ್ಚಿದ ಜಾಗವನ್ನು ಗುರುತು ಮಾಡಿ, ಮೊಳೆಯನ್ನು ಎಸೆಯದೆ ವೈದ್ಯರಿಗೆ ತೋರಿಸತಕ್ಕದ್ದು.

ಲಾಯದ ವ್ಯವಸ್ಥೆ

ಕುದುರೆಯನ್ನು ತಿರುಗಾಡಿಸದೆ, ಮಲಗಿ ಏಳಲು ಸಾಕಷ್ಟು ಜಾಗವಿರುವ ಒಣ ಲಾಯದಲ್ಲಿ ಇರಿಸತಕ್ಕದ್ದು. ನಗರಗಳಲ್ಲಿ ಚಪ್ಪಡಿ ಕಲ್ಲಿನ ಅಥವಾ ಸಿಮೆಂಟಿನ ನೆಲವೇ ಹೆಚ್ಚು. ಅದರ ಮೇಲೆ ಮರದ ಹೊಟ್ಟು ಅಥವಾ ಭತ್ತದ ಹೊಟ್ಟನ್ನು ದಪ್ಪನಾಗಿ ಹರಡಬೇಕು. ನೆಲ್ಲುಹುಲ್ಲನ್ನು ಹಾಸಿದಲ್ಲಿ ಬೇಸರಗೊಂಡ ಕುದುರೆ ಅದನ್ನೇ ತಿಂದು ಕರುಳು ಕಟ್ಟುವ ಸಂಭವವಿರುತ್ತದೆ. ಲದ್ದಿ ಮತ್ತು ಗಂಜಲ ತೊಯ್ದ ಹೊಟ್ಟನ್ನು ದಿನಕ್ಕೆ ಎರಡು ಬಾರಿಯಾದರೂ ತೆಗೆಯಬೇಕು. ಕುದುರೆ ಒಂಟಿಯಾಗಿರಲು ಒಪ್ಪದ ಪ್ರಾಣಿ. ಮತ್ತೊಂದು ಕುದುರೆ ಇಲ್ಲದಿದ್ದಲ್ಲಿ ಕಣ್ಣಿಗೆ ಕಾಣುವಂತೆ ಒಂದು ಮೇಕೆ ಕಟ್ಟಿದರೂ ಅದು ಶಾಂತವಾಗಿ ನಿಲ್ಲುತ್ತದೆ.

ಬ್ಯಾಂಡೇಜು

ಮೊದಲ ದಿನಗಳಲ್ಲಿ ಬ್ಯಾಂಡೇಜನ್ನು ಪಶುವೈದ್ಯರೇ ಬದಲಾಯಿಸುತ್ತಾರೆ. ನಂತರ ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕೆಂದು ಅವರು ಸೂಚಿಸಿದ ಪ್ರಕಾರ ಮಾಲೀಕರು ನಡೆಯತಕ್ಕದ್ದು. ಅವಧಿ ಬಾರದಿದ್ದರೂ ಬ್ಯಾಂಡೇಜು ಒದ್ದೆಯಾದ ಕೂಡಲೇ ಬದಲಾಯಿಸಬೇಕು. ಕೈಗಳನ್ನು ಸೋಪಿನಿಂದ ತೊಳೆದು, ಕುದಿಸಿ ಆರಿಸಿದ ನೀರಿಗೆ ಪೊವಿಡೋನ್ ಅಯೋಡಿನ್ ದ್ರಾವಣವನ್ನು ಹಾಲಿಲ್ಲದ ತಿಳಿ ಚಹಾದ ಬಣ್ಣ ಬರುವಷ್ಟು ಮಾತ್ರ ಬೆರೆಸಿ ಗುಳಿಯನ್ನು ತೊಳೆಯಬೇಕು. ದ್ರಾವಣ ಗಾಢವಾದಷ್ಟೂ ಒಳ್ಳೆಯದೆಂಬ ಭಾವನೆ ತಪ್ಪು. ಅದು ಹೊಸದಾಗಿ ಬೆಳೆಯುತ್ತಿರುವ ಮಾಂಸವನ್ನು ಸುಡುತ್ತದೆ. ತೊಳೆದ ಬಳಿಕ ಶುದ್ಧ ಗಾಜ್ ಬಟ್ಟೆಯಿಂದ ಒತ್ತಿ ಒಣಗಿಸಿ, ವೈದ್ಯರು ಕೊಟ್ಟ ಔಷಧ ಲೇಪಿಸಿದ ಗಾಜ್ ತುಂಡನ್ನು ಗುಳಿಯಲ್ಲಿ ಇಟ್ಟು, ಮೇಲೆ ದಪ್ಪ ಹತ್ತಿ ಇಡಬೇಕು. ಹತ್ತಿಯ ಬದಲು ಮಕ್ಕಳ ಡೈಪರ್ ಬಳಸಿದಲ್ಲಿ ತೇವವನ್ನು ಹೀರಿಕೊಂಡು ಗೊರಸಿನ ಆಕಾರಕ್ಕೆ ಚೆನ್ನಾಗಿ ಕೂರುತ್ತದೆ. ಅದರ ಮೇಲೆ ಬ್ಯಾಂಡೇಜು ಬಟ್ಟೆ, ಕೊನೆಯಲ್ಲಿ ಅಗಲವಾದ ಅಂಟುಪಟ್ಟಿ ಅಥವಾ ಲಾರಿಯ ಹಳೆಯ ಟ್ಯೂಬಿನ ರಬ್ಬರು ಹಾಕಿ ನೀರು ಒಳಹೋಗದಂತೆ ಕಟ್ಟಬಹುದು. ಗೊರಸು ಚರ್ಮವನ್ನು ಸೇರುವ ಅಂಚಿನ ಮೇಲೆ ಅಂಟುಪಟ್ಟಿ ಬಿಗಿಯಬಾರದು. ಅಲ್ಲಿ ಒಂದು ಬೆರಳು ಸುಲಭವಾಗಿ ಒಳಹೋಗುವಷ್ಟು ಸಡಿಲವಿರಲಿ.

ಕೆಲವು ಕುದುರೆಗಳಿಗೆ ಬಿಚ್ಚಿ ಹಾಕಬಹುದಾದ ತಗಡು ಇರುವ ವಿಶೇಷ ಲಾಳ ಹೊಡೆಯಲಾಗಿರುತ್ತದೆ. ಅಂತಹ ಸಂದರ್ಭದಲ್ಲಿ ತಗಡಿನ ತಿರುಪುಗಳನ್ನು ಕಳೆಯದಂತೆ ನೋಡಿಕೊಳ್ಳತಕ್ಕದ್ದು.

ಗುಳಿಗೆ ಸುಣ್ಣ, ಮೈಲುತುತ್ತ, ಸೀಮೆಎಣ್ಣೆ, ಫಿನಾಯಿಲ್, ಬಳಸಿ ಬಿಟ್ಟ ಇಂಜಿನ್ ಆಯಿಲ್ ಇತ್ಯಾದಿಗಳನ್ನು ಯಾವ ಕಾರಣಕ್ಕೂ ಹಾಕಬಾರದು. ಇವು ಹಿರಿಯರ ಕಾಲದಿಂದ ಬಳಕೆಯಲ್ಲಿದ್ದರೂ ಮೂಳೆಯವರೆಗೆ ತೆರೆದಿರುವ ಗಾಯಕ್ಕೆ ತಕ್ಕುದಲ್ಲ. ನೊಣಗಳ ಕಾಲದಲ್ಲಿ ಬ್ಯಾಂಡೇಜಿಲ್ಲದೆ ಗೊರಸನ್ನು ಒಂದು ಗಂಟೆಯೂ ಬಿಡಬಾರದು.

ಔಷಧಗಳು

ಚೀಟಿಯಲ್ಲಿರುವ ಔಷಧವನ್ನು ಚೀಟಿಯಲ್ಲಿರುವಷ್ಟು ದಿನ ಪೂರ್ತಿಯಾಗಿ ನೀಡತಕ್ಕದ್ದು. ನೋವು ನಿವಾರಕವನ್ನು ಹೆಚ್ಚಿನ ಪ್ರಮಾಣದಲ್ಲಿ ನೀಡಿದಲ್ಲಿ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ ಹಾಗೂ ಮೂತ್ರಪಿಂಡಗಳಿಗೆ ಹಾನಿಯಾಗುತ್ತದೆ. ದನಕ್ಕೆ ತಂದ ಔಷಧ ಮನೆಯಲ್ಲಿ ಉಳಿದಿದೆ ಎಂದು ಕುದುರೆಗೆ ಕೊಡುವುದು ಅತ್ಯಂತ ಅಪಾಯಕಾರಿ. ಬೇರೆ ಪ್ರಾಣಿಗಳಿಗೆ ಹೊಂದುವ ಲಿಂಕೋಮೈಸಿನ್ ಎಂಬ ಪ್ರತಿಜೀವಕವು ಕುದುರೆಯಲ್ಲಿ ಪ್ರಾಣಾಂತಿಕ ಭೇದಿಯನ್ನು ಉಂಟುಮಾಡಬಲ್ಲದು. ಕೋಳಿ ಆಹಾರದಲ್ಲಿ ಬೆರೆಸುವ ಮೊನೆನ್ಸಿನ್ ಕುದುರೆಯ ಹೃದಯಕ್ಕೆ ವಿಷ. ಆದ್ದರಿಂದ ಕೋಳಿ ಆಹಾರದ ಚೀಲವನ್ನು ಲಾಯದಿಂದ ದೂರವಿಡಬೇಕು. ರಣಹದ್ದುಗಳ ಸಂರಕ್ಷಣೆಗಾಗಿ ಪಶುಗಳಿಗೆ ಡೈಕ್ಲೋಫಿನಾಕ್ ಬಳಕೆಯನ್ನು 2006ರಲ್ಲಿ, ಕೀಟೋಪ್ರೊಫೇನ್ ಹಾಗೂ ಅಸೆಕ್ಲೋಫಿನಾಕ್ ಬಳಕೆಯನ್ನು 2023ರಲ್ಲಿ ದೇಶಾದ್ಯಂತ ನಿಷೇಧಿಸಲಾಗಿದ್ದು, ಔಷಧ ಅಂಗಡಿಯಲ್ಲಿ ಮನುಷ್ಯರ ಮಾತ್ರೆ ಕೇಳಿ ತಂದು ಕುದುರೆಗೆ ನೀಡುವುದು ಸರಿಯಲ್ಲ.

ಧನುರ್ವಾಯು ರೋಗಕ್ಕೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಸಾಕುಪ್ರಾಣಿ ಮತ್ತೊಂದಿಲ್ಲ. ಗೊರಸಿನ ಗಾಯವೇ ಅದರ ಮುಖ್ಯ ಬಾಗಿಲು. ಲಸಿಕೆ ಹಾಕಲಾಗಿದೆಯೇ ಎಂಬುದನ್ನು ಬಿಡುಗಡೆ ಚೀಟಿಯಲ್ಲಿ ನೋಡಿಕೊಂಡು, ನಮೂದಿಲ್ಲದಿದ್ದಲ್ಲಿ ಕೂಡಲೇ ವಿಚಾರಿಸತಕ್ಕದ್ದು.

ಮೇವು ಮತ್ತು ನೀರು

ದುಡಿಯದೆ ನಿಂತ ಕುದುರೆಗೆ ದುಡಿಯುವ ಕುದುರೆಯ ಹುರುಳಿ ಬೇಕಿಲ್ಲ. ಬೇಯಿಸಿದ ಹುರುಳಿ, ಬೂಸಾ ಮುಂತಾದ ಕಾಳು ಆಹಾರವನ್ನು ಅರ್ಧಕ್ಕಿಂತ ಕಡಿಮೆ ಮಾಡಿ, ಒಣಹುಲ್ಲು ಮತ್ತು ಹಸಿಹುಲ್ಲನ್ನು ದಿನಕ್ಕೆ ನಾಲ್ಕೈದು ಬಾರಿ ಸ್ವಲ್ಪ ಸ್ವಲ್ಪವಾಗಿ ನೀಡಬೇಕು. ಪಾಪದ ಪ್ರಾಣಿ, ಸೊರಗಿದೆ ಎಂದು ಮರುಕಪಟ್ಟು ಹೆಚ್ಚು ಕಾಳು ನೀಡುವುದೇ ಹೊಟ್ಟೆಶೂಲೆಗೂ ಗೊರಸುಬೇನೆಗೂ ಕಾರಣವಾಗುತ್ತದೆ. ಶುದ್ಧ ನೀರು ದಿನವಿಡೀ ಎದುರಿಗಿರಬೇಕು. ಎಷ್ಟು ಬಕೆಟ್ ಕುಡಿಯಿತು ಎಂಬ ಲೆಕ್ಕ ಇಡುವುದು ಉಪಯುಕ್ತ. ಕುದುರೆಗೆ ವಾಂತಿ ಮಾಡಲು ಸಾಧ್ಯವಿಲ್ಲ. ಆದ್ದರಿಂದ ಹೊಟ್ಟೆಯ ತೊಂದರೆ ಬಹುಬೇಗ ವಿಷಮಿಸುತ್ತದೆ.

ದಿನಚರಿ ಪುಸ್ತಕ

ಒಂದು ಸಾದಾ ನೋಟ್‌ಪುಸ್ತಕದಲ್ಲಿ ಬೆಳಿಗ್ಗೆ ಮತ್ತು ಸಂಜೆಯ ಜ್ವರದ ಅಳತೆ, ಲದ್ದಿ ಹಾಕಿದ ಬಾರಿ, ತಿಂದ ಮೇವು, ನೀಡಿದ ಔಷಧ, ಬ್ಯಾಂಡೇಜಿನ ಸ್ಥಿತಿ ಇವಿಷ್ಟನ್ನು ದಿನಾಂಕ ಸಹಿತ ಬರೆದಿಡತಕ್ಕದ್ದು. ಅಂಗಡಿಯ ರೋಜು ಲೆಕ್ಕದಂತೆ ಇದನ್ನು ಅಂದಂದೇ ಬರೆಯಬೇಕು. ವಾರಕ್ಕೊಮ್ಮೆ ನೆನಪಿನಿಂದ ಬರೆದ ಲೆಕ್ಕ ವೈದ್ಯರ ಉಪಯೋಗಕ್ಕೆ ಬಾರದು. ಕುದುರೆಯ ದೇಹದ ಉಷ್ಣತೆ ಸಾಮಾನ್ಯವಾಗಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್, ಅಂದರೆ ಸುಮಾರು 99.5ರಿಂದ 101.3 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಥರ್ಮಾಮೀಟರನ್ನು ಗುದದ್ವಾರದಲ್ಲಿ ಇಡಬೇಕಾಗಿದ್ದು, ಅದಕ್ಕೆ ದಾರ ಕಟ್ಟಿ ಹಿಡಿದಿರಬೇಕು. ನೋವು ನಿವಾರಕವು ಜ್ವರವನ್ನೂ ಮರೆಮಾಚುವುದರಿಂದ ಅದನ್ನು ಕೊಡುವ ಮೊದಲು ಅಳೆಯಬೇಕು.

ವಾಸಿಯಾದಂತೆ ಕಾಣುವ ದಿನ

ಮೂಳೆಯ ಸೋಂಕು ತೆಗೆದ ಬಳಿಕ ಕುದುರೆ ಹಲವು ಬಾರಿ ಒಂದೆರಡು ವಾರದಲ್ಲಿಯೇ ಕಾಲೂರಿ ನಿಲ್ಲುತ್ತದೆ. ಇದು ಸಂತೋಷದ ಸಂಗತಿಯಾದರೂ ಅದೇ ದಿನ ಎರಡು ತಪ್ಪುಗಳು ನಡೆಯುವ ಸಂಭವವಿರುತ್ತದೆ.

ಮೊದಲನೆಯದು, ಇನ್ನೊಂದು ಕಾಲನ್ನು ಮರೆಯುವುದು. ಶಸ್ತ್ರಚಿಕಿತ್ಸೆಯಾದ ಕಾಲಿನ ಭಾರವನ್ನೆಲ್ಲ ವಾರಗಟ್ಟಲೆ ಹೊತ್ತ ಎದುರು ಕಾಲಿನ ಗೊರಸಿನೊಳಗೆ ಉರಿಯೂತವಾಗಿ, ಮೂಳೆಯು ಗೊರಸಿನ ಗೋಡೆಯಿಂದ ಕಳಚಿಕೊಳ್ಳುವ ಸಾಧ್ಯತೆಯಿದೆ. ಇದು ಮೂಲ ಸೋಂಕಿಗಿಂತಲೂ ಘೋರವಾದದ್ದು. ಬ್ಯಾಂಡೇಜು ಕಟ್ಟಿದ ಕಾಲನ್ನು ಊರದೆ ಇದ್ದ ಕುದುರೆ ಒಂದು ಬೆಳಿಗ್ಗೆ ಹಠಾತ್ತಾಗಿ ಅದರ ಮೇಲೆಯೇ ಭಾರ ಹಾಕಿದಲ್ಲಿ, ಗಾಯ ವಾಸಿಯಾಯಿತೆಂದು ತೀರ್ಮಾನಿಸುವ ಮೊದಲು ಎದುರು ಕಾಲಿನ ಗೊರಸನ್ನು ಕೈಯಿಂದ ಮುಟ್ಟಿ ನೋಡತಕ್ಕದ್ದು. ಅದು ಬಹಳ ಹೊತ್ತು ಬಿಸಿಯಾಗಿಯೇ ಇದ್ದಲ್ಲಿ, ಗೊರಸಿನ ಮೇಲಿನ ಗಿಣ್ಣಿನ ಎರಡೂ ಬದಿಗಳಲ್ಲಿ ನಾಡಿ ಬಲವಾಗಿ ಬಡಿಯುತ್ತಿದ್ದಲ್ಲಿ, ಅಥವಾ ಕುದುರೆ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಾಯಿಸುತ್ತಲೇ ಇದ್ದಲ್ಲಿ ಅಂದೇ ಪಶುವೈದ್ಯರಿಗೆ ತಿಳಿಸಬೇಕು. ಎದುರು ಗೊರಸನ್ನು ಪ್ರತಿದಿನ ಮುಟ್ಟಿ ನೋಡುವ ರೂಢಿಯಿದ್ದವರಿಗೆ ಮಾತ್ರ ಈ ವ್ಯತ್ಯಾಸ ಗೊತ್ತಾಗುತ್ತದೆ.

ಎರಡನೆಯದು, ಗಾಡಿಗೆ ಕಟ್ಟುವುದು. ಕುದುರೆ ನಿಂತ ದಿನಗಳಲ್ಲಿ ವರಮಾನವೂ ನಿಂತಿರುತ್ತದೆ, ಮೇವಿನ ಖರ್ಚು ಮಾತ್ರ ನಿಲ್ಲುವುದಿಲ್ಲ. ಈ ಕಷ್ಟ ಯಾರಿಗೂ ತಿಳಿಯದ್ದಲ್ಲ. ಆದರೆ ಗುಳಿಯ ಮೇಲೆ ಗಟ್ಟಿ ಕೊಂಬಿನ ಪದರ ಪೂರ್ತಿಯಾಗಿ ಬಾರದೆ ರಸ್ತೆಗಿಳಿಸಿದಲ್ಲಿ ಕಲ್ಲು, ಮಣ್ಣು ಒಳಸೇರಿ ಸೋಂಕು ಮರಳುತ್ತದೆ. ಹಾಗಾದಲ್ಲಿ ಉಳಿಸಿದ ಹತ್ತು ದಿನದ ಬಾಡಿಗೆಯ ಎದುರಿಗೆ ಮತ್ತೊಂದು ಶಸ್ತ್ರಚಿಕಿತ್ಸೆಯ ಖರ್ಚು, ಮತ್ತೆರಡು ತಿಂಗಳ ನಷ್ಟ, ಕೆಲವೊಮ್ಮೆ ಕುದುರೆಯೇ ನಷ್ಟ. ಅಲ್ಲದೆ ಗಾಯ ಅಥವಾ ರೋಗದಿಂದ ಅಶಕ್ತವಾದ ಪ್ರಾಣಿಯನ್ನು ದುಡಿಸುವುದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ ಕಲಂ 11ರ ಪ್ರಕಾರ ಅಪರಾಧವಾಗಿರುತ್ತದೆ. ಪಶುವೈದ್ಯರು ಪರೀಕ್ಷಿಸಿ ಅನುಮತಿಸಿದ ನಂತರ ಮೊದಲು ಮೆತ್ತನೆಯ ನೆಲದಲ್ಲಿ ಹಗ್ಗ ಹಿಡಿದು ನಡೆಸಿ, ಕ್ರಮೇಣ ಖಾಲಿ ಗಾಡಿಗೆ, ತದನಂತರ ಸವಾರಿಗೆ ಕಟ್ಟಬಹುದು. ಅದಕ್ಕೆ ಮುನ್ನ ಲಾಳ ಹೊಡೆಯುವವರಿಗೆ ಶಸ್ತ್ರಚಿಕಿತ್ಸೆಯ ವಿಚಾರ ತಿಳಿಸಿ, ಗುಳಿಯಿದ್ದ ಜಾಗವನ್ನು ತೋರಿಸತಕ್ಕದ್ದು.

ತುರ್ತಾಗಿ ತಿಳಿಸಬೇಕಾದ ಸಂದರ್ಭಗಳು

ಜ್ವರ 39 ಡಿಗ್ರಿ ಸೆಲ್ಸಿಯಸ್ ಮೀರಿದಾಗ, ಬ್ಯಾಂಡೇಜಿನಿಂದ ದುರ್ವಾಸನೆ ಅಥವಾ ಕೀವು ಬಂದಾಗ, ಗೊರಸಿನ ಮೇಲಿನ ಅಂಚು ಊದಿಕೊಂಡಾಗ, ಕಡಿಮೆಯಾಗಿದ್ದ ಕುಂಟು ಹೆಚ್ಚಾದಾಗ, ನೀರಿನಂತೆ ಭೇದಿಯಾದಾಗ, ಲದ್ದಿ ನಿಂತು, ಕುದುರೆ ನೆಲ ಕೆರೆಯುತ್ತ ತನ್ನ ಪಕ್ಕೆಯನ್ನು ತಿರುಗಿ ನೋಡುತ್ತ ಹೊರಳಾಡಿದಾಗ, ದವಡೆ ಬಿಗಿದು, ಮೈ ಸೆಟೆದು, ಕಣ್ಣಿನ ಒಳಪೊರೆ ಮುಂದೆ ಬಂದಾಗ ತಡಮಾಡಬಾರದು. ಕೊನೆಯ ಲಕ್ಷಣಗಳು ಧನುರ್ವಾಯುವಿನವು. ಹತ್ತಿರದ ಪಶುವೈದ್ಯ ಸಂಸ್ಥೆಯನ್ನು, ಅಥವಾ ಸಂಚಾರಿ ಪಶು ಚಿಕಿತ್ಸಾ ಸೇವೆಗಾಗಿ ಶುಲ್ಕರಹಿತ ದೂರವಾಣಿ ಸಂಖ್ಯೆ 1962ನ್ನು ಸಂಪರ್ಕಿಸಬಹುದಾಗಿರುತ್ತದೆ.

ಕಾಲಿನ ಚರ್ಮದ ಮೇಲೆ ಸಾಲಾಗಿ ಗಂಟುಗಳೆದ್ದು ಒಡೆಯುತ್ತಿದ್ದಲ್ಲಿ, ಜೊತೆಗೆ ಮೂಗಿನಿಂದ ಅಂಟು ಸಿಂಬಳ ಸುರಿಯುತ್ತಿದ್ದಲ್ಲಿ ಅದು ಗೊರಸಿನ ಸೋಂಕಲ್ಲ, ಗ್ಲಾಂಡರ್ಸ್ ಇರಬಹುದು. ಇದು ಮನುಷ್ಯರಿಗೂ ಹರಡುವ ರೋಗವಾಗಿದ್ದು, ಪ್ರಾಣಿಗಳಲ್ಲಿನ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಅಧಿನಿಯಮ, 2009ರ ಅನ್ವಯ ಮಾಹಿತಿ ನೀಡುವುದು ಮಾಲೀಕರ ಕರ್ತವ್ಯ. ಅಂತಹ ಕುದುರೆಯನ್ನು ಮುಟ್ಟದೆ, ಆಸ್ಪತ್ರೆಗೂ ಸಾಗಿಸದೆ, ಇದ್ದ ಸ್ಥಳದಲ್ಲಿಯೇ ಪ್ರತ್ಯೇಕವಾಗಿ ಕಟ್ಟಿ ಪಶುವೈದ್ಯರನ್ನು ಕರೆಸತಕ್ಕದ್ದು.

ಮರುಪರೀಕ್ಷೆಗೆ ಬರುವಾಗ

ಬಿಡುಗಡೆ ಚೀಟಿ, ಎಕ್ಸ್‌ರೇ ಚಿತ್ರ, ದಿನಚರಿ ಪುಸ್ತಕ ಹಾಗೂ ಉಳಿದ ಔಷಧದ ಬಾಟಲಿಗಳನ್ನು ತಪ್ಪದೆ ತರತಕ್ಕದ್ದು. ಕುದುರೆಯನ್ನು ನಡೆಸಿಕೊಂಡು ಬರದೆ, ಜಾರದಂತೆ ನೆಲಕ್ಕೆ ಹುಲ್ಲು ಅಥವಾ ಮರಳು ಹಾಸಿದ ವಾಹನದಲ್ಲಿ ತರಬೇಕು. ಕುದುರೆಯನ್ನು ದಿನವೂ ನೋಡಿಕೊಳ್ಳುವ ವ್ಯಕ್ತಿಯೇ ಜೊತೆಗೆ ಬರುವುದು ಸೂಕ್ತ. ಹಣ ಪಾವತಿಸುವವರು ಬೇರೆಯಾಗಿದ್ದಲ್ಲಿ ಇಬ್ಬರೂ ಬರಬಹುದು.