ನಿಂತ ಕಾರಿನ ಸಿನಿಮಾ

1933ರ ಜೂನ್ 6ರ ರಾತ್ರಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಕ್ಯಾಮ್ಡೆನ್ ಪಟ್ಟಣದ ಅಂಚಿನ ಬಯಲೊಂದಕ್ಕೆ ಕಾರುಗಳು ಬಂದು ಸಾಲುಸಾಲಾಗಿ ನಿಂತವು. ಕಾರಿಗೆ 25 ಸೆಂಟ್, ಒಳಗೆ ಕೂತ ಪ್ರತಿಯೊಬ್ಬರಿಗೂ 25 ಸೆಂಟ್ ದರ. ಎದುರಿಗೆ ದೊಡ್ಡ ಬಿಳಿ ಪರದೆ. ಕಾರಿನಿಂದ ಇಳಿಯದೆಯೇ ಸಿನಿಮಾ ನೋಡುವ ಈ ಏರ್ಪಾಡನ್ನು ರೂಪಿಸಿದವನು ರಿಚರ್ಡ್ ಹಾಲಿಂಗ್ಸ್‌ಹೆಡ್. ಅದಕ್ಕೂ ಮೊದಲು ಆತ ಮನೆಯಂಗಳದಲ್ಲಿ ಕಾರಿನ ಬಾನೆಟ್ಟಿನ ಮೇಲೆ ಕೊಡಾಕ್ ಪ್ರೊಜೆಕ್ಟರ್ ಇಟ್ಟು, ಮರಗಳಿಗೆ ಪರದೆ ಹೊಡೆದು, ಅದರ ಹಿಂದೆ ರೇಡಿಯೊ ಇರಿಸಿ ಪ್ರಯೋಗ ಮಾಡಿದ್ದ. ಮಳೆ ಬಂದರೆ ಗಾಜಿನಾಚೆ ಏನು ಕಂಡೀತು ಎಂದು ತಿಳಿಯಲು ಹುಲ್ಲಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರನ್ನು ಕಾರಿನ ಮೇಲೆ ಬಿಟ್ಟು ನೋಡಿದ್ದನಂತೆ.

ಆತ ಪಡೆದ ಪೇಟೆಂಟಿನ ಮುಖ್ಯ ಅಂಶ ನೆಲಕ್ಕೆ ಸಂಬಂಧಿಸಿದ್ದು. ಪ್ರತಿ ಸಾಲಿನಲ್ಲೂ ಮಣ್ಣಿನ ಸಣ್ಣ ದಿಬ್ಬ. ಅದರ ಮೇಲೆ ಮುಂದಿನ ಚಕ್ರ ಏರಿಸಿ ನಿಲ್ಲಿಸಿದರೆ ಕಾರಿನ ಮೂತಿ ತುಸು ಮೇಲಾಗುತ್ತದೆ, ಮುಂದಿನ ಕಾರಿನ ತಲೆಯ ಮೇಲಿಂದ ಪರದೆ ಕಾಣುತ್ತದೆ. ನೋಟಕ್ಕಾಗಿ ಮಾಡಿದ ಆ ದಿಬ್ಬ ಇನ್ನೊಂದು ಕೆಲಸವನ್ನೂ ಸದ್ದಿಲ್ಲದೆ ಮಾಡುತ್ತಿತ್ತು. ಅದರ ಮೇಲೇರಿದ ಕಾರು ನಿಂತಿದೆ ಎನ್ನುವುದರಲ್ಲಿ ಯಾರಿಗೂ ಅನುಮಾನ ಉಳಿಯುತ್ತಿರಲಿಲ್ಲ. 1950ರ ದಶಕದ ಕೊನೆಗೆ ಅಮೆರಿಕದಲ್ಲಿ ಇಂಥ ಡ್ರೈವ್-ಇನ್ ಚಿತ್ರಮಂದಿರಗಳು 4,000ಕ್ಕೂ ಹೆಚ್ಚಿದ್ದವು. ನಮ್ಮ ದೇಶದಲ್ಲಿ ಅಹಮದಾಬಾದಿಗೆ 1973ರಲ್ಲಿ ಒಂದು ಬಂತು.

ಈಗ ಆ ಪರದೆ ಬಯಲಿನಿಂದ ಕಾರಿನೊಳಕ್ಕೆ ಬಂದು ಕೂತಿದೆ. ಸ್ಟೀರಿಂಗಿನ ಪಕ್ಕದಲ್ಲಿ, ಕೈಯಳತೆಯ ದೂರದಲ್ಲಿ, ಹತ್ತರಿಂದ ಹದಿನೈದು ಇಂಚಿನ ಇನ್ಫೋಟೈನ್‌ಮೆಂಟ್ ಪರದೆ. ಹಾಡು, ನಕ್ಷೆ, ಫೋನ್, ಹಿಂಬದಿ ಕ್ಯಾಮೆರಾ ಎಲ್ಲವೂ ಅದರಲ್ಲೇ. ಕಾರು ನಿಂತಾಗ ಸಿನಿಮಾ ಕೂಡ. ಆದರೆ ‘ನಿಂತಾಗ’ ಎಂಬ ಪದದ ಅರ್ಥವನ್ನು ನಿರ್ಧರಿಸುವವರು ಯಾರು? ಕ್ಯಾಮ್ಡೆನ್ನಿನಲ್ಲಿ ಒಂದು ಹಿಡಿ ಮಣ್ಣು ಕೊಡುತ್ತಿದ್ದ ಖಾತರಿಯನ್ನು ಆಮೇಲಿನ ತೊಂಬತ್ತು ವರ್ಷಗಳಲ್ಲಿ ಒಮ್ಮೆ ಕಾನೂನು ಕೊಟ್ಟಿತು, ಒಮ್ಮೆ ಒಂದು ತಂತಿ ಕೊಟ್ಟಿತು, ಈಗ ತಂತ್ರಾಂಶ ಕೊಡುತ್ತಿದೆ. ಕಾರಿನ ಪರದೆಯ ಚರಿತ್ರೆ ಎಂದರೆ ಮುಖ್ಯವಾಗಿ ಈ ಖಾತರಿ ಕೈ ಬದಲಾಯಿಸಿದ ಚರಿತ್ರೆ.

ಮೊದಲು ಕಾರಿನೊಳಗೆ ಬಂದದ್ದು ದನಿ. ಪಾಲ್ ಗ್ಯಾಲ್ವಿನ್ ಅವರ ಕಂಪನಿ 1930ರಲ್ಲಿ ಕಾರಿಗೆ ಕೂರಿಸುವ ರೇಡಿಯೊ ತಂದು ಅದನ್ನು ‘ಮೋಟೊರೋಲಾ’ ಎಂದು ಕರೆಯಿತು. ಮುಂದೆ ಕಂಪನಿಗೂ ಅದೇ ಹೆಸರಾಯಿತು. ಹಾಡು ಕೇಳುವ ಚಾಲಕ ಮೈಮರೆಯುತ್ತಾನೆ, ನಿದ್ದೆಗೆ ಜಾರುತ್ತಾನೆ ಎಂದು ಆಗಲೂ ಆಕ್ಷೇಪಗಳೆದ್ದವು, ನಿಷೇಧದ ಮಾತುಗಳೂ ಬಂದವು. ಆದರೆ ಕಿವಿ ಬೇರೆಡೆ ಇದ್ದರೂ ಕಣ್ಣು ರಸ್ತೆಯಲ್ಲಿರುತ್ತದೆ ಎಂಬ ವಾದ ಗೆದ್ದಿತು. ರೇಡಿಯೊ ಉಳಿಯಿತು.

ಟಿವಿಗೆ ಆ ವಾದ ಒದಗಲಿಲ್ಲ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಚಾಲಕನ ಕಣ್ಣಿಗೆ ಬೀಳುವಂತೆ ಟಿವಿ ಓಡಿಸುವುದನ್ನು ನಿಷೇಧಿಸಿದವು. ಬ್ರಿಟನ್ನಿನ 1986ರ ವಾಹನ ನಿಯಮಾವಳಿಯ 109ನೇ ನಿಯಮವೂ ಇದನ್ನೇ ಹೇಳಿತು: ವಾಹನ ಓಡಿಸುವವನಿಗೆ ಪರದೆ ನೇರವಾಗಿಯೂ ಕಾಣಬಾರದು, ಪ್ರತಿಬಿಂಬವಾಗಿಯೂ ಕಾಣಬಾರದು. ವಾಹನದಲ್ಲಿ ಟಿವಿ ಇರಬಹುದು, ಅದು ಇರುವ ಜಾಗ ಮಾತ್ರ ಸರಿಯಿರಬೇಕು.

ಈ ತತ್ವವನ್ನು ಕನ್ನಡಿಗರು ಕಾನೂನು ಓದದೆಯೇ ಬಲ್ಲರು. ಎಂಬತ್ತು ತೊಂಬತ್ತರ ದಶಕಗಳಲ್ಲಿ ಬೆಂಗಳೂರಿನಿಂದ ರಾತ್ರಿ ಹೊರಡುತ್ತಿದ್ದ ಖಾಸಗಿ ಬಸ್ಸುಗಳ ಮೈಮೇಲೆ ‘ವಿಡಿಯೋ ಕೋಚ್’ ಎಂದು ಬರೆದಿರುತ್ತಿತ್ತು. ಡ್ರೈವರನ ಕ್ಯಾಬಿನ್ನಿಗೂ ಪ್ರಯಾಣಿಕರಿಗೂ ನಡುವಿನ ಗೋಡೆಯ ಮೇಲೆ, ಪ್ರಯಾಣಿಕರ ಕಡೆಗೆ ಮುಖ ಮಾಡಿ ಟಿವಿ ಪೆಟ್ಟಿಗೆ. ಬಸ್ಸಿನವರೆಲ್ಲ ಚಿತ್ರ ನೋಡುತ್ತಿದ್ದರು, ಡ್ರೈವರ್ ಮಾತ್ರ ಸಂಭಾಷಣೆ ಕೇಳುತ್ತಿದ್ದ. ಅದೇ ಕ್ಯಾಸೆಟ್ಟು ವಾರಗಟ್ಟಲೆ ಓಡಿದರೆ ಮುಖವನ್ನೇ ನೋಡದ ಚಿತ್ರದ ಮಾತುಗಳು ಅವನಿಗೆ ಬಾಯಿಪಾಠ. ಬೆನ್ನ ಹಿಂದಿನ ಪರದೆ ಅವನ ಕಣ್ಣನ್ನು ರಸ್ತೆಗೆ ಬಿಟ್ಟುಕೊಟ್ಟಿತ್ತು.

ಅಮೆರಿಕದ ಮಿನಿವ್ಯಾನುಗಳೂ ಇದೇ ದಾರಿ ಹಿಡಿದವು. 1999ರ ಓಲ್ಡ್ಸ್‌ಮೊಬೀಲ್ ಸಿಲ್ಹೌಟ್ ಪ್ರೀಮಿಯರ್ ಎಂಬ ವಾಹನದಲ್ಲಿ ಹಿಂದಿನ ಸೀಟಿನವರಿಗಾಗಿ ಛಾವಣಿಯಿಂದ ಕೆಳಗಿಳಿಯುವ ಪುಟ್ಟ ಪರದೆಯೂ ವಿಡಿಯೋ ಕ್ಯಾಸೆಟ್ ಪ್ಲೇಯರೂ ಇದ್ದವು. ಮಕ್ಕಳು ಹಿಂದೆ, ಸಿನಿಮಾ ಹಿಂದೆ, ಚಾಲಕ ಮುಂದೆ.

ಈ ವಿಂಗಡಣೆಯನ್ನು ಕದಡಿದ್ದು ನಕ್ಷೆ. 1986ರ ಬ್ಯೂಯಿಕ್ ರಿವಿಯೆರಾ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಮುಟ್ಟಿದರೆ ಕೆಲಸ ಮಾಡುವ ಸಣ್ಣ ಪಿಕ್ಚರ್ ಟ್ಯೂಬ್ ಕಾಣಿಸಿಕೊಂಡಿತು. ರೇಡಿಯೊ, ಎಸಿಗಳ ಗುಂಡಿಗಳು ಅದರೊಳಗೆ ಹೋದವು. 1990ರಲ್ಲಿ ಮಾಜ್ದಾದ ಯೂನೊಸ್ ಕಾಸ್ಮೊ ಉಪಗ್ರಹಗಳ ನೆರವಿನಿಂದ ದಾರಿ ತೋರಿಸುವ ವ್ಯವಸ್ಥೆಯೊಂದಿಗೆ ಜಪಾನಿನಲ್ಲಿ ಬಂತು. ನಕ್ಷೆ ಚಾಲಕನಿಗೇ ಬೇಕಾದದ್ದು, ಅದನ್ನು ಅವನ ಬೆನ್ನ ಹಿಂದೆ ಇಡುವಂತಿಲ್ಲ. ಪರದೆ ಹೀಗೆ ನ್ಯಾಯವಾಗಿಯೇ ಮುಂದಕ್ಕೆ ಬಂತು. ಒಮ್ಮೆ ಬಂದ ಮೇಲೆ ಅದರಲ್ಲಿ ಟಿವಿಯೂ ಡಿವಿಡಿಯೂ ಮೂಡಲು ತಡವಾಗಲಿಲ್ಲ. ಇನ್ನು ಜಾಗವನ್ನು ನಿಯಂತ್ರಿಸಿ ಪ್ರಯೋಜನವಿಲ್ಲ, ಸಮಯವನ್ನು ನಿಯಂತ್ರಿಸಬೇಕು. ಓಡುವಾಗ ನಕ್ಷೆ, ನಿಂತಾಗ ಚಿತ್ರ.

ಹಾಗಾದರೆ ಕಾರು ನಿಂತಿದೆಯೆಂದು ಆ ಪೆಟ್ಟಿಗೆಗೆ ಗೊತ್ತಾಗುವುದು ಹೇಗೆ? ಹೊರಗಿನಿಂದ ಕೊಂಡು ಕೂರಿಸುವ ಡಿವಿಡಿ ಪ್ಲೇಯರುಗಳಲ್ಲಿ ಉತ್ತರ ಒಂದು ತಂತಿಯಾಗಿತ್ತು. ಹ್ಯಾಂಡ್‌ಬ್ರೇಕಿನ ಬುಡದಲ್ಲಿ ಒಂದು ಸ್ವಿಚ್ ಇರುತ್ತದೆ. ಬ್ರೇಕ್ ಎಳೆದಾಗ ಅದು ಕಾರಿನ ಲೋಹದ ಮೈಗೆ ಸಂಪರ್ಕ ಕೊಟ್ಟು ಡ್ಯಾಶ್‌ಬೋರ್ಡಿನ ಕೆಂಪು ದೀಪ ಹೊತ್ತಿಸುತ್ತದೆ. ಪ್ಲೇಯರಿನ ಒಂದು ತಂತಿಯನ್ನು ಅಲ್ಲಿಗೇ ಜೋಡಿಸಿದರೆ ಸಂಪರ್ಕ ಸಿಕ್ಕಾಗ ಚಿತ್ರ ಮೂಡುತ್ತದೆ, ತಪ್ಪಿದಾಗ ಪರದೆ ಕಪ್ಪಾಗುತ್ತದೆ. ಎಷ್ಟು ಸರಳವೋ ಅಷ್ಟೇ ದುರ್ಬಲ. ಆ ತಂತಿಯನ್ನು ಹ್ಯಾಂಡ್‌ಬ್ರೇಕಿನವರೆಗೆ ಎಳೆಯದೆ ಕಾರಿನ ಮೈಗೇ ನೇರವಾಗಿ ಸಿಕ್ಕಿಸಿದರೆ ಪ್ಲೇಯರಿನ ಮಟ್ಟಿಗೆ ಕಾರು ಎಂದೆಂದಿಗೂ ನಿಂತೇ ಇರುತ್ತದೆ. ಗಂಟೆಗೆ ನೂರು ಕಿಲೋಮೀಟರ್ ಓಡುತ್ತಿದ್ದರೂ ಅದಕ್ಕೆ ಗೊತ್ತಾಗದು.

ತಯಾರಕರು ಬುದ್ಧಿ ಓಡಿಸಿದರು: ಹ್ಯಾಂಡ್‌ಬ್ರೇಕನ್ನು ಎಳೆದು, ಬಿಟ್ಟು, ಮತ್ತೆ ಎಳೆದರೆ ಮಾತ್ರ ಚಿತ್ರ ಎಂಬಂಥ ಕ್ರಮ ತಂದರು. ಮಾರುಕಟ್ಟೆ ಅದೇ ಕ್ರಮವನ್ನು ಅನುಕರಿಸುವ ಪುಟ್ಟ ಉಪಕರಣ ತಂದಿತು. ಓಡುವಾಗಲೂ ಟಿವಿ ಕಾಣುವಂತೆ ಮಾಡುವ ಕಿಟ್ಟುಗಳು ಜಪಾನಿನಲ್ಲಿ ಬಹಿರಂಗವಾಗಿಯೇ ಮಾರಾಟವಾಗುತ್ತವೆ. ಕಾರಿಗೆ ಆಂಡ್ರಾಯ್ಡ್ ಸ್ಟೀರಿಯೊ ಹಾಕಿಸಿಕೊಂಡ ನಮ್ಮವರಿಗೂ ಈ ತಂತಿಯ ಕಥೆ ಹೊಸದಲ್ಲ. ‘ಓಡುವಾಗಲೂ ವಿಡಿಯೋ ಬರೋ ಹಾಗೆ ಮಾಡಿಕೊಡಲಾ ಸಾರ್?’ ಎಂಬ ಪ್ರಶ್ನೆಗೆ ಬೇಡ ಎನ್ನುವವರು ಎಷ್ಟು ಮಂದಿ?

ಈ ಪ್ರಶ್ನೆ ನ್ಯಾಯಾಲಯದವರೆಗೂ ಹೋಗಿದೆ. ಅಮೆರಿಕದ ಅಲಾಸ್ಕಾದಲ್ಲಿ 2002ರಲ್ಲಿ ಎರಡು ವಾಹನಗಳು ಡಿಕ್ಕಿಯಾಗಿ ಇಬ್ಬರು ಸತ್ತರು. ಬದುಕುಳಿದ ಚಾಲಕ ಡ್ಯಾಶ್‌ಬೋರ್ಡಿನ ಪರದೆಯಲ್ಲಿ ಸಿನಿಮಾ ನೋಡುತ್ತಿದ್ದ ಎಂದು ಸರ್ಕಾರ ಕೊಲೆಯ ಆರೋಪ ಹೊರಿಸಿತು. ತಾನು ಹಾಡು ಕೇಳುತ್ತಿದ್ದೆ ಎಂದು ಆತ ವಾದಿಸಿದ. 2004ರಲ್ಲಿ ಜ್ಯೂರಿ ಅವನನ್ನು ಬಿಡುಗಡೆ ಮಾಡಿತು. ಅಪಘಾತದ ಆ ಕ್ಷಣದಲ್ಲಿ ಒಬ್ಬನ ಕಣ್ಣು ಎಲ್ಲಿತ್ತೆಂದು ಆಮೇಲೆ ಸಾಬೀತು ಮಾಡುವುದು ಎಷ್ಟು ಕಷ್ಟ ಎಂಬುದನ್ನು ಆ ಮೊಕದ್ದಮೆ ತೋರಿಸಿಕೊಟ್ಟಿತು.

2013ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಕಾರು ತಯಾರಕರಿಗೆ ಮಾರ್ಗಸೂಚಿ ಹೊರಡಿಸಿತು. ಪರದೆಯ ಮೇಲಿನ ಯಾವ ಕೆಲಸವೂ ಚಾಲಕನ ಕಣ್ಣನ್ನು ಒಮ್ಮೆಗೆ 2 ಸೆಕೆಂಡಿಗಿಂತ ಹೆಚ್ಚು ಹೊತ್ತು, ಒಟ್ಟಾರೆ 12 ಸೆಕೆಂಡಿಗಿಂತ ಹೆಚ್ಚು ಹೊತ್ತು ರಸ್ತೆಯಿಂದ ಸೆಳೆಯಬಾರದು; ಚಾಲನೆಗೆ ಸಂಬಂಧಿಸದ ವಿಡಿಯೋ ಓಡುವ ಕಾರಿನಲ್ಲಿ ಚಾಲಕನಿಗೆ ಕಾಣಲೇಬಾರದು. 2 ಸೆಕೆಂಡ್ ಎಂದರೆ ಕಮ್ಮಿಯೇನಲ್ಲ. 60 ಕಿಲೋಮೀಟರ್ ವೇಗದಲ್ಲಿ ಅಷ್ಟು ಹೊತ್ತಿಗೆ ಕಾರು 33 ಮೀಟರ್ ದಾಟಿರುತ್ತದೆ. ನಮ್ಮಲ್ಲಿ 2019ರ ತಿದ್ದುಪಡಿ ಮೋಟಾರು ವಾಹನ ಕಾಯ್ದೆಯ ಅಪಾಯಕಾರಿ ಚಾಲನೆಯ ಸೆಕ್ಷನ್ನಿಗೆ ಕೈಯಲ್ಲಿ ಹಿಡಿದ ಸಂವಹನ ಸಾಧನಗಳ ಬಳಕೆಯನ್ನು ಸೇರಿಸಿತು. ಆ ಪದಗಳನ್ನು ಬರೆಯುವಾಗ ಕಣ್ಣೆದುರಿಗಿದ್ದದ್ದು ಮೊಬೈಲ್ ಫೋನು.

ಅಷ್ಟರಲ್ಲಿ ನಿಂತ ಕಾರಿನ ಸ್ವರೂಪವೇ ಬದಲಾಗತೊಡಗಿತ್ತು. ಪೆಟ್ರೋಲ್ ಕಾರಿನ ಎಂಜಿನ್ ಆರಿಸಿ ಪರದೆ ಹಚ್ಚಿಟ್ಟರೆ 12 ವೋಲ್ಟಿನ ಬ್ಯಾಟರಿ ಬೇಗ ಸೋಲುತ್ತದೆ. ಡ್ರೈವ್-ಇನ್‌ಗಳಲ್ಲಿ ಆಟ ಮುಗಿದ ಮೇಲೆ ಸ್ಟಾರ್ಟ್ ಆಗದ ಕಾರುಗಳದ್ದೇ ಒಂದು ಗೋಳು. ಎಂಜಿನ್ ಓಡಿಸುತ್ತ ಕೂತರೆ ಇಂಧನ ದಂಡ, ಮುಚ್ಚಿದ ಗ್ಯಾರೇಜಿನಲ್ಲಾದರೆ ಹೊಗೆಯ ವಿಷಾನಿಲದಿಂದ ಪ್ರಾಣಕ್ಕೇ ಅಪಾಯ. ವಿದ್ಯುತ್ ಕಾರಿನಲ್ಲಿ ಈ ಎರಡೂ ತೊಡಕುಗಳಿಲ್ಲ. ನೆಲದಡಿಯ ದೊಡ್ಡ ಬ್ಯಾಟರಿಗೆ ಪರದೆಯೂ ಎಸಿಯೂ ಒಂದೆರಡು ಗಂಟೆಗೆ ದೊಡ್ಡ ಹೊರೆಯಲ್ಲ. ಮೇಲಾಗಿ ಅದು ಮಾಲೀಕನಿಗೆ ಕಾಯುವ ಹೊತ್ತನ್ನೂ ತಂದುಕೊಟ್ಟಿತು. ಪೆಟ್ರೋಲ್ ಬಂಕಿನಲ್ಲಿ ಐದು ನಿಮಿಷ ಸಾಕಾಗುತ್ತಿದ್ದಲ್ಲಿ ಚಾರ್ಜಿಂಗ್ ಕೇಂದ್ರದಲ್ಲಿ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಕೂರಬೇಕು.

2019ರ ಸೆಪ್ಟೆಂಬರಿನಲ್ಲಿ ಟೆಸ್ಲಾ ತನ್ನ ಕಾರುಗಳಿಗೆ ಕಳಿಸಿದ ತಂತ್ರಾಂಶದಲ್ಲಿ ‘ಥಿಯೇಟರ್’ ಎಂಬ ವಿಭಾಗವಿತ್ತು: ನೆಟ್‌ಫ್ಲಿಕ್ಸ್, ಯೂಟ್ಯೂಬ್, ಹುಲು, ಎಲ್ಲವೂ ಕಾರು ಪಾರ್ಕ್ ಮಾಡಿದಾಗ ಮಾತ್ರ. 2022ರಲ್ಲಿ ಗೂಗಲ್ ತನ್ನ ವ್ಯವಸ್ಥೆಯಿರುವ ಕಾರುಗಳಿಗೆ ಯೂಟ್ಯೂಬ್ ತರುವುದಾಗಿ ಹೇಳಿತು. 2025ರಲ್ಲಿ ಆಪಲ್ ಕೂಡ ಐಫೋನಿನ ವಿಡಿಯೋವನ್ನು ನಿಂತ ಕಾರಿನ ಪರದೆಗೆ ಹರಿಸಲು ಅನುವು ಮಾಡಿತು, ಕಾರು ತಯಾರಕರು ಒಪ್ಪಿದರೆ. ಹ್ಯಾಂಡ್‌ಬ್ರೇಕಿನ ತಂತಿಯ ಜಾಗದಲ್ಲಿ ಈಗ ಗೇರು ‘ಪಿ’ಯಲ್ಲಿದೆಯೇ, ಚಕ್ರ ತಿರುಗುತ್ತಿದೆಯೇ ಎಂದು ಕಾರಿನ ಕಂಪ್ಯೂಟರೇ ನೋಡುತ್ತದೆ. ಇದಕ್ಕೆ ಮೋಸ ಮಾಡುವುದು ಕಷ್ಟ. ಆದರೆ ತಂತ್ರಾಂಶದ ನಿಯಮವನ್ನು ಬರೆದವರೇ ಬದಲಿಸಲೂ ಬಹುದು, ಅದೂ ರಾತ್ರೋರಾತ್ರಿ, ಲಕ್ಷಾಂತರ ಕಾರುಗಳಲ್ಲಿ ಒಟ್ಟಿಗೆ. ಪಾರ್ಕ್ ಮಾಡಿದಾಗ ಮಾತ್ರ ಆಡಬಹುದಾಗಿದ್ದ ಆಟಗಳನ್ನು ಓಡುವಾಗಲೂ ಪಕ್ಕದವರು ಆಡಬಹುದು ಎಂದು ಟೆಸ್ಲಾ ಸಡಿಲಿಸಿತ್ತು. 2021ರ ಡಿಸೆಂಬರಿನಲ್ಲಿ ಅಮೆರಿಕ ಸರ್ಕಾರ ಸುಮಾರು 5,80,000 ಕಾರುಗಳ ಬಗ್ಗೆ ವಿಚಾರಣೆ ಆರಂಭಿಸಿದ ಬೆನ್ನಿಗೇ ಕಂಪನಿ ಅದನ್ನು ಹಿಂದಕ್ಕೆ ಪಡೆಯಿತು.

ಇದಕ್ಕಿಂತ ದೊಡ್ಡ ಸಡಿಲಿಕೆ ಕಾನೂನಿನ ಮೂಲಕವೇ ಬಂದಿದೆ. ಜಪಾನ್ 2019ರಲ್ಲಿ ತಿದ್ದಿದ ಕಾಯ್ದೆ 2020ರಲ್ಲಿ ಜಾರಿಗೆ ಬಂತು, 2021ರ ಮಾರ್ಚಿನಲ್ಲಿ ಹೋಂಡಾ ಅಲ್ಲಿ ಲೆಜೆಂಡ್ ಎಂಬ ಕಾರಿನ ನೂರು ಪ್ರತಿಗಳನ್ನು ಗುತ್ತಿಗೆಗೆ ಬಿಟ್ಟಿತು. ಹೆದ್ದಾರಿಯ ದಟ್ಟಣೆಯಲ್ಲಿ ವೇಗ ಕುಸಿದಾಗ ಕಾರು ತಾನೇ ಓಡುತ್ತದೆ, ಚಾಲಕ ಡ್ಯಾಶ್‌ಬೋರ್ಡಿನಲ್ಲಿ ಟಿವಿಯನ್ನೋ ಡಿವಿಡಿಯನ್ನೋ ನೋಡಬಹುದು. ಇಂಥ ಕಾರುಗಳಿಗಾಗಿ ವಿಶ್ವಸಂಸ್ಥೆಯಡಿ ರೂಪುಗೊಂಡ 157ನೇ ನಿಯಮದಲ್ಲಿ ಒಂದು ಷರತ್ತಿದೆ. ಚಾಲನೆಯನ್ನು ವಾಪಸ್ ತೆಗೆದುಕೋ ಎಂದು ಕಾರು ಕೇಳಿದ ಕೂಡಲೇ ಪರದೆಯ ಮೇಲಿನ ಚಿತ್ರ ತಾನಾಗಿ ನಿಲ್ಲಬೇಕು. ಚಾಲಕ ಸ್ಪಂದಿಸದಿದ್ದರೆ ಸಾಮಾನ್ಯವಾಗಿ 10 ಸೆಕೆಂಡುಗಳ ಬಳಿಕ ಕಾರೇ ಸುರಕ್ಷಿತವಾಗಿ ನಿಲ್ಲುವ ಪ್ರಯತ್ನಕ್ಕೆ ತೊಡಗಬಹುದು. ಹ್ಯಾಂಡ್‌ಬ್ರೇಕಿನ ತಂತಿಯ ಹೊಸ ಅವತಾರ ಈ ಷರತ್ತು. ಕತೆಯೊಳಗೆ ಮುಳುಗಿದ ಮನಸ್ಸು ಹತ್ತು ಸೆಕೆಂಡಿನಲ್ಲಿ ರಸ್ತೆಗೆ ಮರಳಬಲ್ಲದೇ ಎಂಬುದು ಒಳ್ಳೆಯ ಸಿನಿಮಾ ನೋಡಿದ ಯಾರಿಗಾದರೂ ಏಳಬಹುದಾದ ಪ್ರಶ್ನೆ.

ಹಾಲಿಂಗ್ಸ್‌ಹೆಡ್‌ನ ಕಾಲದಲ್ಲಿ ಕಾರಿಗೆ ಎರಡೇ ಸ್ಥಿತಿಗಳು: ಓಡುವುದು ಮತ್ತು ನಿಲ್ಲುವುದು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡವರಿಗೆ ಮೂರನೆಯದೂ ಗೊತ್ತು. ಅಲ್ಲಿ ಕಾರು ಎಷ್ಟೋ ಹೊತ್ತು ಕದಲದೆ ಇರುತ್ತದೆ, ಆದರೆ ಅದು ಪಾರ್ಕ್ ಆಗಿಲ್ಲ. ಯಾವ ಗಳಿಗೆಯಲ್ಲಾದರೂ ಮುಂದಿನ ಬಸ್ಸು ಸರಿಯಬಹುದು, ಸಂದಿಯಲ್ಲಿ ಸ್ಕೂಟರ್ ನುಗ್ಗಬಹುದು, ಯಾರೋ ರಸ್ತೆ ದಾಟಬಹುದು. ಕಾರಿನೊಳಗಿನ ಪರದೆಗೆ ಮುಂದೆ ಹೆಚ್ಚು ಬೇಡಿಕೆ ಬರುವುದು ಈ ಮೂರನೆಯ ಸ್ಥಿತಿಯಲ್ಲೇ. ಓಡಾಟದ ಅಪಾಯ ಅಲ್ಲಿ ಮರೆತುಹೋಗಿರುತ್ತದೆ, ಕಾಯುವ ಬೇಸರ ಮಾತ್ರ ಕಾಡುತ್ತಿರುತ್ತದೆ. ಪರದೆ ಕಪ್ಪಾಗಿ ‘ಸುರಕ್ಷತೆಗಾಗಿ ವಿಡಿಯೋ ನಿಲ್ಲಿಸಲಾಗಿದೆ’ ಎಂದಾಗ ಸಿಡುಕುವುದು ಸಹಜ. ಆದರೂ ಆ ಕಪ್ಪು ಪರದೆ ಕ್ಯಾಮ್ಡೆನ್ನಿನ ಮಣ್ಣಿನ ದಿಬ್ಬ ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತಿದೆ. ಅದು ಕಾಯುತ್ತಿರುವುದು ಒಳಗೆ ಕೂತವರನ್ನಷ್ಟೇ ಅಲ್ಲ, ಕಾರಿನ ಮುಂದೆ ರಸ್ತೆ ದಾಟುತ್ತಿರುವ, ಆ ಸಿನಿಮಾಕ್ಕೆ ಟಿಕೆಟ್ ಕೊಳ್ಳದ ಅಪರಿಚಿತರನ್ನು ಕೂಡ.